ಮನೆಯವನ ಬಯೋಡಾಟಾ

ನನಗೊಂದು ಚಟವಿದೆ. ಖಾಲಿ ಕಾಗದ ಕೈಗೆ ಬಂದರೆ ಸಾಕು, ಎಡಗಡೆ ಎರಡು ಬೆರಳಗಲ ಮಡಿಚಿ, ಉಗುರಿನಿಂದ ತೀಡಿ, ಮಾರ್ಜಿನ್ನು ಬಿಡುತ್ತೇನೆ. ಕಿರಾಣಿ ಚೀಟಿಗೂ ಬಿಡುತ್ತೇನೆ. ಮೊನ್ನೆ ತೊಗರಿಬೇಳೆ, ಬೆಲ್ಲ, ಹುಣಸೆಹಣ್ಣು ಎಂದು ಬರೆದು, ಕೆಳಗೆ ಬಲಗಡೆ ಸಹಿಯನ್ನೂ ಹಾಕಿದ್ದೆನಂತೆ. ನನ್ನ ಹೆಂಡತಿ ಆ ಚೀಟಿಯನ್ನು ಕನ್ನಡಕದ ಮೇಲಿನಿಂದ ನೋಡಿ, "ಸಹಿ ಮ್ಯಾಲೆ 'ತಮ್ಮ ವಿಧೇಯ' ಅಂತ ಒಂದು ಬರದಿದ್ರ ಅಂಗಡ್ಯಾಂವ ಬೆಲ್ಲ ಒಂದಿಷ್ಟು ಹೆಚ್ಚಿಗಿ ತೂಗತಿದ್ದ ನೋಡ್ರಿ" ಅಂದಳು.

ಅವಳ ಮಾತಿನಲ್ಲಿ ತಪ್ಪೇನೂ ಇಲ್ಲ. ಇದು ಅರ್ಜಿ ಬರೆದು ಬರೆದು ಅಂಟಿಕೊಂಡ ಚಟ. ಈಗಿನವರು ಅರ್ಜಿಗೆ ಏನೇನೋ ಹೆಸರು ಹೇಳುತ್ತಾರೆ. ನಮ್ಮ ಕಾಲಕ್ಕೆ ಕೆಲಸ ಬೇಡುವ ಕಾಗದಕ್ಕೆ ಅರ್ಜಿ ಎಂದೇ ಹೆಸರಿತ್ತು. ಅದರ ಬೆನ್ನಿಗೆ ಗುಂಡುಸೂಜಿ ಚುಚ್ಚಿ ಜೋಡಿಸುವ ಇನ್ನೊಂದು ಕಾಗದಕ್ಕೆ ಮಾತ್ರ ಬಯೋಡಾಟಾ ಎಂಬ ಠೀವಿಯ ಹೆಸರು. ಗುಂಡುಸೂಜಿಯ ಮೊನೆ ಹೊರಗೆ ಬಂದಿರಬಾರದು, ಸಾಹೇಬರ ಬೆರಳಿಗೆ ಚುಚ್ಚಿದರೆ ಅಲ್ಲಿಗೆ ಕಥೆ ಮುಗಿಯಿತು ಎಂದು ನನ್ನ ತಂದೆ ಹೇಳುತ್ತಿದ್ದರು.

ತಂದೆ ಗದಗಿನ ಕಡೆ ಶಾಲಾ ಮಾಸ್ತರರು. ಗಂಡುಮಗನಿಗೆ ಈಜು ಮತ್ತು ಅರ್ಜಿ ಎರಡೂ ಬರಬೇಕು ಎಂಬುದು ಅವರ ಸಿದ್ಧಾಂತ. ಈಜು ಬರದವನು ಕೆರೆಯಲ್ಲಿ ಮುಳುಗುತ್ತಾನೆ, ಅರ್ಜಿ ಬರದವನು ದಂಡೆಯ ಮೇಲೆಯೇ ಮುಳುಗುತ್ತಾನೆ ಎನ್ನುತ್ತಿದ್ದರು. ನನಗೆ ಈಜು ಇವತ್ತಿಗೂ ಬಂದಿಲ್ಲ. ಅರ್ಜಿ ಮಾತ್ರ ಮೂರನೆಯ ಇಯತ್ತೆಯಿಂದಲೇ ಬರುತ್ತಿತ್ತು. ಶಾಲೆಗೆ ರಜೆ ಬೇಕಾದರೆ ನಾನೇ ಬರೆಯಬೇಕು, ತಂದೆ ಸಹಿ ಮಾತ್ರ ಹಾಕುವರು. ಅವರು ಕಲಿಸಿದ ಮಾದರಿಯಲ್ಲಿ ರಜೆಗೆ ಇದ್ದದ್ದು ಜ್ವರ ಎಂಬ ಒಂದೇ ಕಾರಣ. ಹೀಗಾಗಿ ನನ್ನ ಬಾಲ್ಯವೆಲ್ಲ, ಕಾಗದದ ಪ್ರಕಾರ, ಜ್ವರದಲ್ಲೇ ಕಳೆದಿದೆ. ಒಂದು ಸೀಗಿ ಹುಣ್ಣಿಮೆಗೆ ಹೀಗೆಯೇ ಜ್ವರ ಬರೆದುಕೊಟ್ಟು ಸೋದರತ್ತೆಯ ಹೊಲಕ್ಕೆ ಭೂಮಿತಾಯಿಯ ಎಡೆಯ ಚರಗ ಚೆಲ್ಲಲು ಹೋದೆ. ಊಟದ ಸಾಲಿನಲ್ಲಿ ನನ್ನ ಎದುರಿಗೇ ಹೆಡ್‌ಮಾಸ್ತರರು ಕೂತಿದ್ದರು. ಅವರು ನನ್ನನ್ನು ಬೈಯಲಿಲ್ಲ. ಬಡಿಸುವವರನ್ನು ಕರೆದು, "ಈ ಹುಡುಗಗ ಎಣಗಾಯಿ ಇನ್ನೊಂದು ಹಾಕ್ರಿ, ಜ್ವರದಾಗ ಎದ್ದು ಬಂದಾನ" ಅಂದರು.

ದೊಡ್ಡ ಅರ್ಜಿಗೆ ನಮ್ಮ ಮನೆಯಲ್ಲಿ ವಂಶಪಾರಂಪರ್ಯವಾಗಿ ಬಂದ ಒಂದು ಇಂಗ್ಲಿಷ್ ವಾಕ್ಯವಿತ್ತು. ಅದನ್ನು ಅಜ್ಜ ರೈಲ್ವೆಗೆ ಬರೆದಿದ್ದರು, ತಂದೆ ಶಾಲೆಗೆ ಬರೆದಿದ್ದರು. 'ತಮ್ಮ ದಯಾಪೂರ್ಣ ಅಧೀನದಲ್ಲಿ ಒಂದು ಹುದ್ದೆ ಖಾಲಿ ಬಿದ್ದಿದೆಯೆಂದು ನಂಬಲರ್ಹರಿಂದ ತಿಳಿದು' ಎಂದು ಅದರ ಅರ್ಥ. ಆ ನಂಬಲರ್ಹರು ಯಾರೆಂದರೆ ಸಂತೆಯ ದಿನ ಮಿರ್ಚಿ ಭಜಿ ಕಟ್ಟಿಕೊಟ್ಟ ಪತ್ರಿಕೆಯ ತುಂಡು. ಕೊನೆಯಲ್ಲಿ, ಈ ಉಪಕಾರಕ್ಕಾಗಿ ತಮ್ಮ ಆಯುರಾರೋಗ್ಯಕ್ಕೆ ಸದಾ ದೇವರಲ್ಲಿ ಬೇಡಿಕೊಳ್ಳುತ್ತಿರುತ್ತೇನೆ ಎಂಬ ಮಾತು. ಹೀಗೆ ಎಷ್ಟು ಸಾಹೇಬರ ಆಯುಷ್ಯದ ಹೊಣೆ ಹೊತ್ತಿದ್ದೆನೋ ಲೆಕ್ಕವಿಲ್ಲ. ಒಬ್ಬರ ಹೆಸರಿನಲ್ಲೂ ಊದಿನಕಡ್ಡಿ ಹಚ್ಚಿದ ನೆನಪಿಲ್ಲ.

ಅದೇ ವಾಕ್ಯದ ಬಲದಿಂದಲೋ ಅಥವಾ ನನ್ನ ಡಿಪ್ಲೊಮಾದ ಬಲದಿಂದಲೋ, ಅರವತ್ತರ ದಶಕದ ನಡುವಿನಲ್ಲಿ ನನಗೆ ಓಝರ್ ಬಳಿಯ ವಿಮಾನ ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ನಾಸಿಕಕ್ಕೆ ಬಂದು ಪಂಚವಟಿಯಲ್ಲಿ ಒಂದು ಖೋಲಿ ಹಿಡಿದೆ. ಮದುವೆಯಾಗಿರಲಿಲ್ಲ. ಖೋಲಿಯಲ್ಲಿ ಒಂದು ಸ್ಟೋವು ಇತ್ತು, ಅದಕ್ಕೂ ನನಗೂ ಮೊದಲ ದಿನದಿಂದಲೇ ಕೂಡಿಬರಲಿಲ್ಲ. ಹೀಗಾಗಿ ಓಣಿಯ ತಿರುವಿನಲ್ಲಿದ್ದ ಅನಂತಯ್ಯನವರ ಹೋಟೆಲೇ ನನ್ನ ಅಡುಗೆಮನೆಯಾಯಿತು.

ಅನಂತಯ್ಯ ಉಡುಪಿ ಕಡೆಯವರು. ಅರವತ್ತರ ಸಮೀಪದ ವಯಸ್ಸು, ಗಲ್ಲಾಪೆಟ್ಟಿಗೆಯ ಹಿಂದೆ ಮರದ ಕುರ್ಚಿ, ಕುರ್ಚಿಯ ಮೇಲೆ ಬಿಳಿ ಬನಿಯನ್ನು. ಮಕ್ಕಳಿರಲಿಲ್ಲ. ತಂಗಿಯ ಮಗ ಶ್ರೀಧರ ಮೆಟ್ರಿಕ್ ಮುಗಿಸಿ ಬಂದವನು ಅಲ್ಲೇ ಉಳಿದು, ನಾನು ನೋಡುವ ಹೊತ್ತಿಗೆ ಹೆಚ್ಚುಕಡಿಮೆ ನನ್ನ ವಯಸ್ಸಿನ ಗಂಡಸಾಗಿದ್ದ. ಮಾವ ಮತ್ತು ಅಳಿಯ ಒಂದೇ ಸೂರಿನಡಿ ಇದ್ದು, ಒಂದೇ ಪಾತ್ರೆಯ ಸಾರು ಉಣ್ಣುತ್ತಿದ್ದರೂ ಅವರ ನಡುವೆ ತೆಂಗಿನಕಾಯಿ, ಉದ್ದಿನಬೇಳೆಗಳನ್ನು ಬಿಟ್ಟು ಬೇರೆ ಮಾತು ನಾನು ಕೇಳಿದ್ದಿಲ್ಲ. ಜಗಳವೇನೂ ಇರಲಿಲ್ಲ, ರೂಢಿಯೇ ಹಾಗೆ. ಒಮ್ಮೆ ನಾನು ತಮಾಷೆಗೆ, "ಶ್ರೀಧರ ಅವರಿಗೆ ಪಗಾರ ಎಷ್ಟು ಕೊಡ್ತೀರಿ?" ಎಂದು ಕೇಳಿದೆ. ಅನಂತಯ್ಯ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಎಂತ ಕೇಳ್ತೀರಿ ರಾಯರೇ? ನಮ್ಮಲ್ಲಿ ಮನೆಯವರಿಗೆ ಸಂಬಳ ಉಂಟಾ?"

ಆ ಹೋಟೆಲಿನ ಮೂಲೆಯ ಟೇಬಲ್ಲು ಕ್ರಮೇಣ ನನ್ನ ಅರ್ಜಿ ಕಚೇರಿಯಾಯಿತು. ಮೊದಲು ಒಬ್ಬರಿಗೆ ಬರೆದುಕೊಟ್ಟೆ. ಅವರಿಗೆ ಸಾತಪುರದ ಕಾರ್ಖಾನೆಯೊಂದರಲ್ಲಿ ಕೆಲಸವಾಯಿತು. ಆಗಬೇಕಾದದ್ದೇ ಆಗಿದ್ದರೂ ನನ್ನ ಕೈಗುಣ ಒಳ್ಳೆಯದು ಎಂದು ಸುದ್ದಿ ಹಬ್ಬಿತು. ರಜೆಯ ದಿನ ನಾನು ಕಾಫಿ ಕುಡಿಯುವಾಗ ಕನ್ನಡದವರು ಯಾರಾದರೂ ಕಾಗದ ಹಿಡಿದು ಎದುರಿಗೆ ಬಂದು ಕೂರುತ್ತಿದ್ದರು. ನಾನು ಕರಡು ಬರೆದುಕೊಟ್ಟರೆ ಅವರು ಟೈಪಿಂಗ್ ಕ್ಲಾಸಿನಲ್ಲಿ ಕೊಟ್ಟು ಅಚ್ಚು ಮಾಡಿಸಿಕೊಳ್ಳುವರು.

ನಮ್ಮವರ ಬಯೋಡಾಟಾ ಓದುವುದು ಒಂದು ಸುಖ. ಹೆಸರು, ತಂದೆಯ ಹೆಸರು, ಊರು, ಊರಿನ ದೇವರು, ಗೋತ್ರ, ತಾತ ಶಾನುಭೋಗರಾಗಿದ್ದದ್ದು, ಅಣ್ಣ ಮುಂಬಯಿಯಲ್ಲಿರುವುದು ಎಲ್ಲವೂ ಇರುತ್ತಿತ್ತು. ಇವರಿಗೆ ಬರುವ ಕೆಲಸ ಯಾವುದು ಎಂಬುದೊಂದು ಇರುತ್ತಿರಲಿಲ್ಲ. ಒಬ್ಬರು ಸ್ವಭಾವ ಎಂಬ ತಲೆಬರಹ ಹಾಕಿ 'ಶಾಂತ' ಎಂದು ಬರೆದುಕೊಂಡು ಬಂದಿದ್ದರು. ನಾನು ಅದನ್ನು ಹೊಡೆದುಹಾಕಿದ್ದಕ್ಕೆ ಟೇಬಲ್ ಗುದ್ದಿ ಕೂಗಾಡಿದರು. ನೀವು ಯಾರು ಎನ್ನುವುದಕ್ಕೆ ಎರಡು ಸಾಲು ಸಾಕು, ಏನು ಮಾಡಿದ್ದೀರಿ ಎನ್ನುವುದನ್ನು ಹೇಳಿ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಹೇಳುವುದೇನು, ನನ್ನದೇ ಬಯೋಡಾಟಾದಲ್ಲಿ ಹವ್ಯಾಸ ಎಂಬಲ್ಲಿ ತೋಟಗಾರಿಕೆ ಎಂದಿತ್ತು. ನನ್ನ ತೋಟವೆಂದರೆ ಗದಗಿನ ಮನೆಯ ತುಳಸಿಕಟ್ಟೆ, ಅದಕ್ಕೂ ನೀರು ಹಾಕುತ್ತಿದ್ದವಳು ತಾಯಿ.

ಒಂದು ದಿನ ನನ್ನೆದುರು ಬಂದು ಕೂತವನು ಶ್ರೀಧರ. ಕೈಯಲ್ಲಿ ಎಣ್ಣೆ ಮೆತ್ತಿದ ಜಾಹೀರಾತಿನ ತುಂಡು. ಔರಂಗಾಬಾದಿನಲ್ಲಿ ಹೊಸದಾಗಿ ಎದ್ದ ಕಾರ್ಖಾನೆಯೊಂದಕ್ಕೆ ಕ್ಯಾಂಟೀನ್ ಸೂಪರ್‌ವೈಸರ್ ಬೇಕಾಗಿದ್ದ.

"ಮಾವಗ ಹೇಳೀರೇನು?" ಅಂದೆ.

"ಇಲ್ಲ. ಆದ್ಮೇಲೆ ಹೇಳಿದ್ರಾಯ್ತು."

ಯಾಕೆ ಹೊರಟಿದ್ದಾನೆ ಎಂದು ನಾನು ಕೇಳಲಿಲ್ಲ, ನನಗೆ ಗೊತ್ತಿತ್ತು. ಹಿಂದಿನ ವಾರ ಹೋಟೆಲಿಗೆ ಕಾರ್ಮಿಕ ಇಲಾಖೆಯ ಒಬ್ಬ ಇನ್‌ಸ್ಪೆಕ್ಟರು ಬಂದು ಕೆಲಸಗಾರರ ಹೆಸರು ಬರೆದುಕೊಂಡಿದ್ದರು. ಅಡುಗೆಯ ಭಟ್ಟರು, ಸಪ್ಲಾಯರುಗಳು, ಲೋಟ ತೊಳೆಯುವವರು, ಎಲ್ಲರನ್ನೂ ಅನಂತಯ್ಯ ಹೆಸರು ಹಿಡಿದು ಹೇಳಿದರು. ಕೊನೆಗೆ ಇನ್‌ಸ್ಪೆಕ್ಟರು ಶ್ರೀಧರನತ್ತ ಪೆನ್ನು ತೋರಿಸಿ, "ಆಣಿ ಹೇ ಕೋಣ?" ಎಂದು ಮರಾಠಿಯಲ್ಲಿ ಕೇಳಿದರು. ಇವರು ಯಾರು ಎಂದು. ಅನಂತಯ್ಯ ಕೈಯಾಡಿಸಿ, "ತೋ ಕಾಹೀ ನಾಹೀ, ಘರಚಾಚ್ ಆಹೇ" ಅಂದರು. ಅವನು ಏನೂ ಅಲ್ಲ, ಮನೆಯವನೇ. ಇನ್‌ಸ್ಪೆಕ್ಟರು ಪುಸ್ತಕ ಮುಚ್ಚಿದರು. ಶ್ರೀಧರ ಕೈಯಲ್ಲಿದ್ದ ಚಟ್ನಿಯ ಪಾತ್ರೆಯನ್ನು ಕೆಳಗಿಟ್ಟು ಒಳಗೆ ಹೋದ. ಆ ಮಾತಿನ ಎರಡನೆಯ ಅರ್ಧ ಅವನಿಗೆ ಕೇಳಿಸಿತ್ತೋ ಇಲ್ಲವೋ, ಮೊದಲಿನ ಅರ್ಧವಂತೂ ನೆಟ್ಟಗೆ ಹೋಗಿ ನಾಟಿತ್ತು.

ನಾನು ಕಾಗದ ಮಡಿಚಿ ಮಾರ್ಜಿನ್ನು ಬಿಟ್ಟೆ. ಹೆಸರು, ವಯಸ್ಸು, ಮೆಟ್ರಿಕ್ ಎಲ್ಲ ಆಯಿತು. "ಅನುಭವ?"

"ಎಂತದೂ ಇಲ್ಲ ಅಂತ ಬರೀರಿ."

"ಇಷ್ಟು ವರ್ಷ ಇಲ್ಲೇನ ಮಾಡಿದ್ರಿ ಹಂಗಾರ?"

"ಇಲ್ಲಿ ಕೆಲಸಕ್ಕೆ ಇರ್ಲಿಲ್ಲ ಅಲ್ವಾ. ಮನೆಯಲ್ಲಿ ಇದ್ದೆ."

ಅವನು ವ್ಯಂಗ್ಯಕ್ಕೆ ಹೇಳಿದ್ದಲ್ಲ. ಮಾವನ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದೆ ಎಂದರೆ, ತಂಗಿಯ ಮಗನನ್ನು ಆಳಾಗಿ ಇಟ್ಟುಕೊಂಡರು ಎಂದು ನಾಲ್ಕು ಜನ ಮಾವನನ್ನು ಆಡಿಕೊಳ್ಳುತ್ತಾರೆ. ಮ್ಯಾನೇಜರ್ ಆಗಿದ್ದೆ ಎಂದರೆ ಮಾವನನ್ನು ಕುರ್ಚಿಯಿಂದ ಎಬ್ಬಿಸಿದ ಹಾಗೆ. ಎರಡೂ ಬೇಡ, ನಿಲ್ ಎಂದು ಬರೆಯಿರಿ ಎಂದು ಅವನು ಹಟ ಹಿಡಿದ. ಬಿಟ್ಟು ಹೋಗಲು ಹೊರಟ ಮನೆಯ ಮರ್ಯಾದೆಯನ್ನು ಹೀಗೆ ಕಾಯುವ ಅಭ್ಯರ್ಥಿಯನ್ನು ನಾನು ಮತ್ತೆ ಕಾಣಲಿಲ್ಲ.

ನಾನು ಹಲ್ಲು ಕೀಳುವವರ ಹಾಗೆ ಒಂದೊಂದಾಗಿ ಅವನಿಂದ ಹೊರಡಿಸಿದೆ. ಗೋದಾವರಿ ದಂಡೆಯ ಸಂತೆಯಿಂದ ತರಕಾರಿ ತರುವವನು ಅವನು. ಭಟ್ಟರು ಮುನಿಸಿಕೊಂಡು ಊರಿನ ಬಸ್ಸು ಹತ್ತಿದರೆ ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಂಡು ಬರುವವನೂ ಅವನೇ. ಎಲ್ಲಕ್ಕಿಂತ ದೊಡ್ಡದು ಏಕಾದಶಿಯ ವಿಷಯ. ಪಂಚವಟಿಯಲ್ಲಿ ಏಕಾದಶಿ, ಚತುರ್ಥಿ ಬಂತೆಂದರೆ ಇಡ್ಲಿ, ದೋಸೆ ಕೇಳುವವರಿಲ್ಲ. ಓಣಿಗೆ ಓಣಿಯೇ ಉಪವಾಸ. ಅಂಥ ದಿನ ಅನಂತಯ್ಯ ನೊಣ ಹೊಡೆಯುತ್ತ ಕೂರುತ್ತಿದ್ದರು. ಉಪವಾಸಕ್ಕೆ ನಡೆಯುವ ಸಾಬುದಾಣಿ ಖಿಚಡಿ ಮಾಡೋಣ ಎಂದು ಶ್ರೀಧರ ಹೇಳಿದಾಗ, ಉಡುಪಿಯವರು ಸಾಬುದಾಣಿ ಬೇಯಿಸುವುದಾ ಎಂದು ಭಟ್ಟರು ಒಲೆಗೆ ಬೆನ್ನು ತಿರುಗಿಸಿದರಂತೆ. ಇವನೇ ಓಣಿಯ ಒಬ್ಬ ಮರಾಠಿ ಅಜ್ಜಿಯ ಹತ್ತಿರ ಕಲಿತು ಬಂದು ಮಾಡಿದ. ಈಗ ಹೋಟೆಲಿನಲ್ಲಿ ನಿಲ್ಲಲು ಜಾಗವಿಲ್ಲದ ದಿನ ಯಾವುದೆಂದರೆ ಏಕಾದಶಿ.

"ಇದೆಲ್ಲ ಅನುಭವ ಅಲ್ಲೇನ್ರಿ?" ಅಂದೆ.

"ಇದು ಬರಿಯುವಂಥದ್ದಾ?" ಎಂದು ಅವನು ನಿಜವಾಗಿಯೂ ಆಶ್ಚರ್ಯಪಟ್ಟ.

ಕೊನೆಗೆ 'ಸಂಬಂಧಿಕರ ಸಸ್ಯಾಹಾರಿ ಹೋಟೆಲೊಂದರ ನಿರ್ವಹಣೆಯಲ್ಲಿ ನೆರವು' ಎಂದು ಇಬ್ಬರಿಗೂ ಒಪ್ಪಿಗೆಯಾಗುವ ಒಂದು ವಾಕ್ಯ ಹೊಂದಿಸಿ, ಕೆಳಗೆ ಖಿಚಡಿಯನ್ನೂ ಸೇರಿಸಿದೆ. ಇನ್ನು ಅವನ ಬಗ್ಗೆ ವಿಚಾರಿಸಲು, ಅಭ್ಯರ್ಥಿಗೆ ಸಂಬಂಧಿಕರಲ್ಲದ ಇಬ್ಬರು ಗಣ್ಯರ ಹೆಸರು ಬೇಕಾಗಿತ್ತು. ಶ್ರೀಧರ ಬೆರಳು ಮಡಿಚಿದ. ಶಾಲಿಮಾರ್ ಕಡೆಯ ಹೋಟೆಲಿನವರು ಅತ್ತೆಯ ತಮ್ಮ, ಮನಮಾಡದವರು ಚಿಕ್ಕಪ್ಪನ ಷಡ್ಡಕ, ಔರಂಗಾಬಾದಿನವರಿಗೆ ಅವನ ಅಕ್ಕನನ್ನೇ ಕೊಟ್ಟದ್ದು. ಹೋಟೆಲಿನವರಲ್ಲಿ ಇವನ ನೆಂಟನಲ್ಲದವನು ಹುಟ್ಟಬೇಕಿತ್ತು. ಕಡೆಗೆ ದಿನಾ ಉಪ್ಪಿಟ್ಟು ತಿನ್ನಲು ಬರುವ ಒಬ್ಬ ಪುರೋಹಿತರ ಹೆಸರನ್ನೂ ನನ್ನ ಹೆಸರನ್ನೂ ಹಾಕಿದೆವು. ನಾನು ಗಣ್ಯನಾದದ್ದು ಅದೇ ಮೊದಲು.

ಅಂಚೆಯನ್ನು ನಂಬದೆ ಇಬ್ಬರೂ ಕೆಂಪು ಬಸ್ಸು ಹತ್ತಿ ಔರಂಗಾಬಾದಿಗೆ ಹೋಗಿ ಅರ್ಜಿಯನ್ನು ಕೈಯಾರೆ ಕೊಟ್ಟು ಬಂದೆವು. ಮಾವನಿಗೆ ಹೇಳಿದ್ದು ಅಕ್ಕನ ಮನೆಗೆಂದು. ದಾರಿಯುದ್ದಕ್ಕೂ ಧೂಳು. ಯೇವಲೆಯ ಹತ್ತಿರ ಬಸ್ಸು ಕೆಟ್ಟು ನಿಂತಾಗ ಶ್ರೀಧರ ಅಲ್ಲಿನ ಚಹಾದಂಗಡಿಯ ಬಟಾಟೆವಡೆಯನ್ನು ಮುರಿದು, ಮೂಸಿ, ಎಣ್ಣೆ ಹಳತು ಎಂದು ನನ್ನ ಕೈಯಿಂದಲೂ ಕಿತ್ತು ಬಿಸಾಕಿದ. ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ, "ಕೌನ್ ಹೈ ಭಾಯಿ?" ಎಂದು ಕೇಳಿದ.

"ಕುಛ್ ನಹೀಂ" ಅಂದ ಶ್ರೀಧರ, "ಅರ್ಜಿ ದೇನಾ ಹೈ."

ತಾನು ಏನೂ ಅಲ್ಲ ಎಂದು ಅವನೇ ಹೇಳಿಕೊಂಡದ್ದು ನನಗೆ ಹಿತವೆನಿಸಲಿಲ್ಲ.

ಕೆಲವು ವಾರಗಳು ಕಳೆದವು. ಒಂದು ಬೆಳಿಗ್ಗೆ ನಾನು ಮೂಲೆಯ ಟೇಬಲ್ಲಿನಲ್ಲಿದ್ದಾಗ, ಇಸ್ತ್ರಿ ಹಾಕಿದ ಪ್ಯಾಂಟಿನ ಮರಾಠಿ ಗೃಹಸ್ಥರೊಬ್ಬರು ಚರ್ಮದ ಚೀಲ ಹಿಡಿದು ಗಲ್ಲಾದ ಮುಂದೆ ನಿಂತರು. ಔರಂಗಾಬಾದಿನಿಂದ ಬಂದಿದ್ದೇನೆ, ನಿಮ್ಮಲ್ಲಿ ಶ್ರೀಧರ ಎಂಬವರಿದ್ದಾರಲ್ಲ, ಅವರ ಬಗ್ಗೆ ಸ್ವಲ್ಪ ವಿಚಾರಿಸಬೇಕಿತ್ತು, ಹುಡುಗ ಹೇಗೆ, ಚಟಗಳೇನಾದರೂ ಇವೆಯೇ ಎಂದರು.

ಅನಂತಯ್ಯನವರ ಮುಖ ಬೆಳಗಿತು. ಹೋಟೆಲಿನವರಲ್ಲಿ ಒಬ್ಬ ಹುಡುಗನ ಚಟಗಳನ್ನು ವಿಚಾರಿಸಿಕೊಂಡು ಪರವೂರಿನಿಂದ ಯಾರಾದರೂ ಬಂದರೆ ಅದಕ್ಕೆ ಒಂದೇ ಅರ್ಥ. ಹೆಣ್ಣಿನ ಕಡೆಯವರು ತಾವು ನೇರ ಬಾರದೆ, ಪರಿಚಯದ ಮರಾಠಿಯವರನ್ನು ಹೀಗೆ ಮುಂದೆ ಕಳಿಸುವುದು ಅವರಲ್ಲಿ ಹಳೆಯ ಪದ್ಧತಿ. ಶ್ರೀಧರನಿಗೆ ಹೆಣ್ಣು ನೋಡಲು ಅನಂತಯ್ಯ ಆಗಲೇ ಔರಂಗಾಬಾದಿಗೆ ಮಾತು ಮುಟ್ಟಿಸಿದ್ದರು ಕೂಡ. ಬಂದವರನ್ನು ಫ್ಯಾನಿನ ಕೆಳಗೆ ಕೂರಿಸಿದರು. ತುಪ್ಪ ಸುರಿದ ಶಿರಾ ಬಂತು, ಬೆಳ್ಳಿಯ ಲೋಟದಲ್ಲಿ ಕಾಫಿ ಬಂತು. ಆಮೇಲೆ ಅನಂತಯ್ಯ ತಮ್ಮ ಅಚ್ಚುಕಟ್ಟಾದ ಮರಾಠಿಯಲ್ಲಿ ಶುರುಮಾಡಿದರು. ಹುಡುಗ ಬಂಗಾರ. ಬೀಡಿಯಿಲ್ಲ, ಇಸ್ಪೀಟಿಲ್ಲ.

"ಕೆಲಸ ಹೇಗೆ?" ಎಂದರು ಬಂದವರು.

"ಕೆಲಸವೇ? ಅವನಿಗೆ ಅದರ ಅಗತ್ಯವೇನು? ಇವತ್ತಿನವರೆಗೆ ಒಂದು ಲೋಟ ಎತ್ತಿಟ್ಟವನಲ್ಲ. ರಾಜಕುಮಾರನ ಹಾಗೆ ಇಟ್ಟಿದ್ದೇನೆ."

ಹೆಣ್ಣಿನ ಕಡೆಯವರಾದರೆ ಈ ಮಾತಿಗೆ ಮುಖ ಅರಳಬೇಕು. ಇವರ ಹುಬ್ಬು ಗಂಟಾಯಿತು. ಆಗ ನನಗೆ ಅವರು ಯಾರೆಂದು ಹೊಳೆಯಿತು. ಎದ್ದು ನಿಂತೆ. ಆದರೆ ಅನಂತಯ್ಯನವರ ಮಾತಿನ ನಡುವೆ ನುಗ್ಗಲು ಒಂದು ಸಂದು ಬೇಕಲ್ಲ.

"ಊರು ಬಿಟ್ಟು ಹೋಗುತ್ತಾನೋ ಎಂಬ ಭಯ ನಿಮಗೆ ಬೇಡ. ನಾಸಿಕ ಬಿಟ್ಟು ಅವನು ಎಲ್ಲಿಗೂ ಹೋಗುವುದಿಲ್ಲ. ನನಗೆ ಮಕ್ಕಳಿಲ್ಲ. ಈ ಹೋಟೆಲು, ಮೇಲಿನ ಮನೆ, ಎಲ್ಲಾ ಅವನದೇ. ಅವನನ್ನು ಬಿಟ್ಟರೆ ನನಗೆ ಯಾರಿದ್ದಾರೆ?"

ಬಂದವರು ಚಮಚ ಕೆಳಗಿಟ್ಟರು. "ಮಗ್ ತ್ಯಾಂನೀ ಅರ್ಜ ಕಶಾಲಾ ಕೇಲಾ?" ಹಾಗಿದ್ದರೆ ಅವರು ಅರ್ಜಿ ಯಾಕೆ ಹಾಕಿದರು?

"ಅರ್ಜಿ?" ಎಂದರು ಅನಂತಯ್ಯ. ಹೆಣ್ಣು ಕೇಳಲು ಅರ್ಜಿ ಹಾಕುವ ಪದ್ಧತಿ ಅವರಿಗೆ ಹೊಸದು.

ಬಂದವರು ಕಾರ್ಖಾನೆಯ ಹೆಸರು ಹೇಳಿ, ವಿಷಯ ಹೇಳಿ, ಶಿರಾ ಚೆನ್ನಾಗಿತ್ತು ಎಂದು ಹೇಳಿ ಹೊರಟುಹೋದರು. ಅಡುಗೆಮನೆಯ ಬಾಗಿಲಲ್ಲಿ ಶ್ರೀಧರ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಅವನ ಕೈಯಲ್ಲಿದ್ದ ದೋಸೆ ಮೆತ್ತಗಾಗಿತ್ತು. ಮಾವ ಅವನನ್ನು ನೋಡಿದರು. ಅವನು ಮಾವನನ್ನು ನೋಡಿದ. ಆಮೇಲೆ ಶ್ರೀಧರ ದೋಸೆಯನ್ನು ಎರಡನೆಯ ಟೇಬಲ್ಲಿಗೆ ಕೊಟ್ಟು ಒಳಗೆ ಹೋದ.

ಔರಂಗಾಬಾದಿನಿಂದ ಮತ್ತೆ ಕಾಗದ ಬರಲಿಲ್ಲ. ಹೋಟೆಲು ನಡೆಯುತ್ತಲೇ ಇತ್ತು, ತೆಂಗಿನಕಾಯಿಯ ಮಾತು ಕೂಡ ನಿಂತುಹೋಗಿತ್ತು. ನನಗೆ ಬೇಜಾರಾಗಿತ್ತು. ಅವನು ಹೋಗುತ್ತಾನೋ ಇರುತ್ತಾನೋ ಎಂಬುದು ಅಡುಗೆಯ ಭಟ್ಟರಿಗೂ ತಿಳಿಯದೆ, ಅವರು ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದರು.

ಒಂದು ಭಾನುವಾರ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅನಂತಯ್ಯ ನನ್ನ ಟೇಬಲ್ಲಿಗೆ ಬಂದು ಎದುರಿಗೆ ಕೂತರು. ಅಭ್ಯರ್ಥಿಗಳು ಕೂರುವ ಕುರ್ಚಿ ಅದು.

"ರಾಯರೇ, ಒಂದು ಅರ್ಜಿ ಬರಿಲಿಕ್ಕೆ ಉಂಟು. ಕನ್ನಡದಲ್ಲೇ ಆಗ್ಬಹುದು."

"ಯಾರಿಗ್ರಿ?"

"ಶ್ರೀಧರನಿಗೆ."

"ಶ್ರೀಧರ ಅವರ ಪರವಾಗಿ?"

"ಅಲ್ಲ ಮಾರಾಯ್ರೆ. ಶ್ರೀಧರನಿಗೆ. ನನ್ನದು."

ನಾನು ಮಾರ್ಜಿನ್ನು ಮಡಿಚಿದೆ. ಹೆಸರು ಬರೆದೆ. ವಯಸ್ಸು ಬರೆದೆ. ವಿದ್ಯೆ ಮೂರನೆಯ ಕ್ಲಾಸು ಎಂದರು. ಅನುಭವ ಎಂದೆ.

"ಮುಂಬಯಿಯಲ್ಲಿ ಲೋಟ ತೊಳೆದದ್ದು ಅಂತ ಬರೀರಿ. ಬೇರೆಯವರ ಹೋಟೆಲಲ್ಲಿ. ಕೈಯ ಚರ್ಮ ಎದ್ದು ಹೋಗುವಷ್ಟು ವರ್ಷ. ಅದಕ್ಕೇ ರಾಯರೇ, ಇವ ಲೋಟ ಎತ್ತಿಟ್ಟವ ಅಲ್ಲ ಅಂತ ಅವತ್ತು ಹೇಳಿದ್ದು. ಸುಳ್ಳು ಅಂತ ನನಗೂ ಗೊತ್ತುಂಟು. ಹೇಳುವಾಗ ಖುಷಿ ಆಯ್ತು."

"ಹೋಟೆಲ್ ನಡಿಸಿದ್ದು ಬರೀಲೇನ್ರಿ?"

"ಅದು ಬೇಡ. ಅದನ್ನು ಮಾಡಿದ್ದು ಅವ. ನಾನು ಗಲ್ಲಾದ ಮೇಲೆ ಕೂತದ್ದು." ಆಮೇಲೆ ತಾವಾಗಿಯೇ, "ಕಿವಿ ಸ್ವಲ್ಪ ಮಂದ, ಸಿಟ್ಟು ಬೇಗ ಬರ್ತದೆ, ಅದನ್ನೂ ಹಾಕಿ" ಅಂದರು.

"ಅರ್ಜಿಯೊಳಗ ಕೊರತಿ ಬರಿಯೂದಿಲ್ರಿ."

"ಇರ್ಲಿ ಬರೀರಿ. ಒಳ್ಳೇದನ್ನೇ ಹೇಳಿ ಒಮ್ಮೆ ಹಾಳಾದದ್ದು ಸಾಕು."

ಬೇಕಾದ ಹುದ್ದೆ, ಶ್ರೀಧರನ ಹೋಟೆಲಿನಲ್ಲಿ ಕೂರಲು ಒಂದು ಜಾಗ. ಸಂಬಂಧಿಕರಲ್ಲದ ಗಣ್ಯರು, ಮತ್ತೆ ನಾನೇ. ಮೇಲೆ ನಾನು ನಮ್ಮ ಅಜ್ಜನ ವಾಕ್ಯವನ್ನು ಕನ್ನಡಕ್ಕಿಳಿಸಿ ಬರೆದೆ. ತಮ್ಮ ದಯಾಪೂರ್ಣ ಅಧೀನದಲ್ಲಿ ಎಂಬಲ್ಲಿಗೆ ನಾನು ಓದಿ ಬರುತ್ತಿದ್ದಂತೆ ಅನಂತಯ್ಯ, "ಹಾಂ, ಹಾಗೇ ಇರ್ಲಿ" ಎಂದರು. ಮೂರು ತಲೆಮಾರು ಬರೆದ ವಾಕ್ಯ ಅದು. ನಾನು ಬರೆಯುವಾಗ ಅದನ್ನು ನಂಬಿದ್ದು ಅದೊಂದೇ ಸಲ.

ಅವರು ಸಹಿ ಹಾಕಿ, ಎದ್ದು ಹೋಗಿ ಗಲ್ಲಾದ ಕುರ್ಚಿಯಲ್ಲಿ ಕೂತು, ಬೀದಿಯ ಕಡೆ ಮುಖ ಮಾಡಿದರು. ಕೊಡಬೇಕಾದವನು ನಾನು. ಅಡುಗೆಮನೆಗೆ ಹೋದೆ. ಮರುದಿನ ಏಕಾದಶಿ, ಶ್ರೀಧರ ಸಾಬುದಾಣಿ ತೊಳೆಯುತ್ತಿದ್ದ. ಕೈ ಒರೆಸಿಕೊಂಡು ನಿಂತಲ್ಲೇ ಓದಿದ. ಲೋಟದ ಸಾಲನ್ನು ಇನ್ನೊಮ್ಮೆ ಓದಿದ. ಆಮೇಲೆ ಕಾಗದವನ್ನು ನನ್ನ ಮಡಿಕೆಗೆ ಮಡಿಕೆ ಕೂಡಿಸಿ ಮಡಿಚಿ ಅಂಗಿಯ ಜೇಬಿಗೆ ಹಾಕಿಕೊಂಡು, ಬಾಗಿಲಿಗೆ ಬಂದು ನಿಂತ. ಹೇಳಿದ್ದು ನನಗೆ, ಆದರೆ ಹೊರಗಿನ ಗಲ್ಲಾದವರೆಗೆ ಹೋಗುವಷ್ಟು ಗಟ್ಟಿಯಾಗಿ ಹೇಳಿದ.

"ಸಂಬಳ ಕೊಡ್ಲಿಕ್ಕೆ ಆಗುದಿಲ್ಲ ಅಂತ ಹೇಳಿ ರಾಯರೇ. ನಮ್ಮಲ್ಲಿ ಮನೆಯವರಿಗೆ ಸಂಬಳ ಇಲ್ಲ."

ಕಿವಿ ಮಂದ ಎಂದು ನಾನೇ ಬರೆದಿದ್ದೆ. ಅನಂತಯ್ಯ ತಿರುಗಿ ನೋಡಲಿಲ್ಲ. ಮರದ ಕುರ್ಚಿಯಿಂದ ಮೆಲ್ಲಗೆ ಎದ್ದು, ಅದರ ಮೇಲಿನ ಧೂಳನ್ನು ಹೆಗಲ ಬೈರಾಸಿನಿಂದ ಒರೆಸಿ, ಪಕ್ಕದ ಸ್ಟೂಲಿಗೆ ಸರಿದು ಕೂತರು.